ಚೀಟಿ ಇಲ್ಲದ ಪಿನ್ನು

ಎಲ್ಲಕ್ಕೂ ಮೂಲ ಒಂದು ತೊಟ್ಟು ಟೀ. ಅದು ಅವನ ಲೋಟದಿಂದ ಹಾರಿ ಗೋಡೆಗೆ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನೆಲಕ್ಕೆ ಬಿದ್ದಿದ್ದರೆ ಹೆಂಡತಿಯ ಎರಡು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಅದು ಬಿದ್ದದ್ದು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಬೂದು ಕೋಟಿನ ಮೇಲೆ, ಅದೂ ಎದೆಯ ಎಡಭಾಗದಲ್ಲಿ, ಎದುರಿಗಿದ್ದವರ ಕಣ್ಣು ಮೊದಲು ಹೋಗಿ ನಿಲ್ಲುವ ಜಾಗದಲ್ಲಿ.

"ರೀ, ಅದು ನಮ್ಮಪ್ಪ ಹೊಲಿಸಿಕೊಟ್ಟ ಕೋಟು," ಎಂದಳು ಹೆಂಡತಿ. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

ಆ ಮನೆಯಲ್ಲಿದ್ದದ್ದು ಅದೊಂದೇ ಕೋಟು. ಅವತ್ತು ಸಂಜೆ ಅದನ್ನು ಹಾಕಿಕೊಂಡೇ ಅವನು ಆಫೀಸಿನ ಮೀಟಿಂಗಿನಲ್ಲಿ ನಿಂತು ಮಾತನಾಡಬೇಕಿತ್ತು. ಒದ್ದೆ ಬಟ್ಟೆ ತರಲು ಅವನು ಅಡುಗೆಮನೆಗೆ ಓಡುವಷ್ಟರಲ್ಲಿ ಮೇಲಿನ ಮನೆಯ ಆಂಟಿ ಇಳಿದು ಬಂದಾಗಿತ್ತು. ಕೆಳಗಿನ ಮನೆಯಲ್ಲಿ ಚಮಚ ಬಿದ್ದರೂ ಅವರಿಗೆ ಕೇಳಿಸುತ್ತದೆ. ಇನ್ನು ಈ ಮನೆಯ ಮೌನವಂತೂ ಬೀದಿಯ ಕೊನೆಯವರೆಗೂ ಕೇಳಿಸುವಂಥದ್ದು.

"ನೀರು ಹಾಕ್ಬೇಡಪ್ಪ, ಕೆಟ್ಟುಹೋಗುತ್ತೆ," ಎಂದು ಅವರು ಕೈಯಲ್ಲಿದ್ದ ಟೂತ್‌ಪೇಸ್ಟ್ ಹಿಂಡಿದರು. "ಇದನ್ನ ಹಚ್ಚಿ ಚೆನ್ನಾಗಿ ಉಜ್ಜು. ನಮ್ಮನೆಯವರ ಷರ್ಟು ಹೀಗೇ ಉಳ್ಕೊಂಡಿದ್ದು."

ಅವನು ಉಜ್ಜಿದ. ತೊಟ್ಟಿನಷ್ಟಿದ್ದ ಕಲೆ ಅಂಗೈಯಗಲ ಆಯಿತು, ಸುತ್ತಲೂ ಬಿಳಿ ಅಂಚು ಬೇರೆ ಬಂತು. ಆಂಟಿ ತಲೆ ಓರೆ ಮಾಡಿ ನೋಡಿ, "ಇನ್ನೂ ಸ್ವಲ್ಪ ಜೋರಾಗಿ ಉಜ್ಜಿದ್ದಿದ್ರೆ ಹೋಗ್ತಿತ್ತು," ಎಂದು ತೀರ್ಪು ಕೊಟ್ಟು, ತಮ್ಮ ಟೂತ್‌ಪೇಸ್ಟ್ ತೆಗೆದುಕೊಂಡು ಮೇಲೆ ಹೋದರು.

ಹೆಂಡತಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿದಳು. "ನೀವು ಇವತ್ತು ದಿನವಿಡೀ ಕೂರೋಕೆ ಹೋಗ್ತಿರೋದೇ ಲಾಂಡ್ರಿಗೆ ತಾನೆ? ಅಲ್ಲೇ ಕೊಟ್ಟು, ಎದುರಿಗೇ ಕೂತು ತೊಳೆಸ್ಕೊಂಡು ಬನ್ನಿ. ಸಂಜೆ ಈ ಕೋಟು ಹೀಗೇ ಮನೆಗೆ ಬಂದ್ರೆ ನಮ್ಮಪ್ಪನಿಗೆ ನೀವೇ ಫೋನ್ ಮಾಡಿ ಹೇಳ್ಬೇಕು."

ಅವನು ಲಾಂಡ್ರಿಗೆ ಹೋಗುತ್ತಿದ್ದದ್ದು ಯಾಕೆ ಎಂಬುದಕ್ಕೂ ಹಿಂದೊಂದು ಕತೆಯಿದೆ. ಅವನು ಬೇರೆ ಬೇರೆ ಕಸುಬಿನವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿದ್ದ. ಯಾರ ಕಸುಬು ಹೇಗೆ ನಡೆಯುತ್ತದೆ ಎಂದು ಹೋಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, "ಹೀಗೇ ಇರುತ್ತೆ" ಎಂದುಕೊಂಡು ಬರೆದುಬಿಡುತ್ತಿದ್ದ. ಆದ್ದರಿಂದ ಆಫೀಸಿನಲ್ಲಿ ಅವನಿಗೆ ಅಂದಾಜಪ್ಪ ಎಂದು ಹೆಸರು ಬಿದ್ದಿತ್ತು. ಪಶು ಆಸ್ಪತ್ರೆಯೊಂದಕ್ಕೆ ಅವನು ಮಾಡಿಕೊಟ್ಟ ಸಾಫ್ಟ್‌ವೇರ್ ರೋಗಿಯ ಉದ್ಯೋಗ ಏನೆಂದು ಕೇಳುತ್ತಿತ್ತು, ಮತ್ತು ರೋಗಿಯ ಸಹಿ ಇಲ್ಲದೆ ರೋಗಿಯನ್ನು ಮನೆಗೆ ಬಿಡುತ್ತಿರಲಿಲ್ಲ. ವಾಸಿಯಾದ ನಾಯಿಗಳೆಲ್ಲ ವಾರಗಟ್ಟಲೆ ಅಲ್ಲೇ ಉಳಿದು, ಆಸ್ಪತ್ರೆಯ ಖರ್ಚಿನಲ್ಲಿ ತಿಂದು ದಪ್ಪಗಾಗಿದ್ದವು.

ಅದಾದ ಮೇಲೆ ಮ್ಯಾನೇಜರು ಅವನನ್ನು ಕರೆದು ಕೂರಿಸಿದ್ದರು. ಮ್ಯಾನೇಜರು ದಪ್ಪ ಮನುಷ್ಯರು. ಸಿಟ್ಟು ಬಂದಾಗ ಇನ್ನೂ ದಪ್ಪ ಕಾಣುತ್ತಿದ್ದರು.

"ಇನ್ಮೇಲೆ ಅಂದಾಜು ಸಾಕು. ಡೊಮೇನ್ ಅನಾಲಿಸಿಸ್ ಮಾಡಿ. ಅಂದ್ರೆ ಯಾವ ಕಸುಬಿಗೆ ಸಾಫ್ಟ್‌ವೇರ್ ಬೇಕೋ ಆ ಕಸುಬಿನ ಒಳಗೆ ಹೋಗಿ ಕೂತ್ಕೊಳ್ಳಿ. ಅಲ್ಲಿ ಏನೇನು ನಡೆಯುತ್ತೆ, ಎಲ್ಲಾ ಅಂಗಡೀಲೂ ಇರೋದು ಯಾವುದು, ಒಂದೊಂದು ಕಡೆ ಮಾತ್ರ ಇರೋದು ಯಾವುದು, ನೋಡ್ಕೊಂಡು ಬನ್ನಿ. ಲಾಂಡ್ರಿ ಯಜಮಾನಮ್ಮ ಒಬ್ಬರು ಬರ್ತಿದಾರೆ. ಊರ ತುಂಬ ಅಂಗಡಿ ಇಟ್ಕೊಂಡಿದಾರೆ."

"ಲಾಂಡ್ರೀಲಿ ನೋಡೋದೇನಿದೆ ಸರ್? ಬಟ್ಟೆ ಕೊಡ್ತಾರೆ, ತೊಳೀತಾರೆ, ವಾಪಸ್ ಕೊಡ್ತಾರೆ."

"ಪಶು ಆಸ್ಪತ್ರೆ ಬಗ್ಗೇನೂ ಹೀಗೇ ಅಂದಿದ್ರಿ. ನಮಗಿಂತ ಮುಂಚೆ ಇನ್ನೊಂದು ಕಂಪನಿಯವರು ಹೋಗಿ ಇದನ್ನೇ ಹೇಳಿದ್ರಂತೆ. ಆ ಯಮ್ಮ ಟೀ ಕೂಡ ಕುಡೀದೆ ಎದ್ದುಹೋದ್ರಂತೆ. ಯಾರೂ ಕಂಡುಹಿಡೀದೇ ಇರೋದು ಏನಾದ್ರೂ ತನ್ನಿ. ಈ ಕೆಲಸ ಕೈತಪ್ಪಿದ್ರೆ ನೀವು ಕಂಪ್ಲೇಂಟ್ ಕೋಣೆಗೆ."

ಕಂಪ್ಲೇಂಟ್ ಕೋಣೆ ಟಾಯ್ಲೆಟ್ಟಿನ ಪಕ್ಕದಲ್ಲಿತ್ತು. ಕಿಟಕಿ ಇರಲಿಲ್ಲ, ಫೋನು ಇತ್ತು. ಬೇರೆಯವರು ಮಾಡಿದ ತಪ್ಪಿಗೆ ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದೇ ಅಲ್ಲಿಯ ಉದ್ಯೋಗ. ಅಲ್ಲಿ ಒಂದು ವರ್ಷ ಕೂತಿದ್ದವನು ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಮುಖ ನೋಡಿ "ಕ್ಷಮಿಸಿ, ನಿಮ್ಮ ತೊಂದರೆ ಏನು?" ಎನ್ನುತ್ತಾನಂತೆ.

ಹೀಗಾಗಿ ಅಂದಾಜಪ್ಪ ಚೀಲ ಹಿಡಿದು ಲಾಂಡ್ರಿಯ ಬಾಗಿಲಲ್ಲಿ ನಿಂತಾಗ ಅವನ ಮನಸ್ಸು ಗಟ್ಟಿಯಾಗಿತ್ತು. ದಾರಿಯಲ್ಲೇ ಅವನಿಗೊಂದು ಉಪಾಯವೂ ಹೊಳೆದಿತ್ತು. ತನ್ನ ಕೋಟನ್ನೇ ಕೊಡುವುದು, ಕೌಂಟರಿನಿಂದ ಹಿಡಿದು ಕೊನೆಯವರೆಗೆ ಅದರ ಬೆನ್ನು ಬೀಳುವುದು. ಕೋಟೂ ಶುದ್ಧ, ಅನಾಲಿಸಿಸ್ಸೂ ಶುದ್ಧ.

ಕೌಂಟರಿನಲ್ಲಿ ಒಬ್ಬ ಅಕ್ಕ ಕೂತಿದ್ದಳು. ಅವಳ ಹಿಂದೆ ಮೆಷಿನ್ನುಗಳು ಗುಡುಗುಡು ಎನ್ನುತ್ತಿದ್ದವು. ಒಳಗೆ ಇಸ್ತ್ರಿ ಮೇಜಿನ ಹತ್ತಿರ ಉದ್ದ ಮೂಗಿನ ಒಬ್ಬ ಮನುಷ್ಯ ಹಬೆಯ ನಡುವೆ ನಿಂತಿದ್ದ. ಎಲ್ಲರೂ ಅವನನ್ನು ಇಸ್ತ್ರಿ ಮಾವ ಎನ್ನುತ್ತಿದ್ದರು. ಯಜಮಾನಮ್ಮ ಮೊದಲೇ ಹೇಳಿಟ್ಟಿದ್ದರಿಂದ ಅಕ್ಕ ಅವನಿಗೆ ಒಂದು ಸ್ಟೂಲು ಕೊಟ್ಟಳು.

ಅಂದಾಜಪ್ಪ ಕಾಗದ ಬಿಡಿಸಿ ಶುರುಮಾಡಿದ. "ಅಕ್ಕ, ಬಟ್ಟೆ ಅಂದ್ರೆ ಏನು?"

ಅಕ್ಕ ಅವನ ಮುಖ ನೋಡಿದಳು. "ಬಟ್ಟೆ ಗೊತ್ತಿಲ್ವಾ ಸರ್ ನಿಮಗೆ?"

"ಗೊತ್ತು. ಆದ್ರೆ ಗೊತ್ತಿಲ್ಲ ಅಂದ್ಕೊಂಡು ಕೇಳ್ಬೇಕು. ನಮ್ಮ ಕೆಲಸದ ಪದ್ಧತಿ ಅದು."

"ಒಳ್ಳೆ ಕೆಲಸ ಸರ್. ನಮ್ಮನೇಲೂ ಒಬ್ಬರಿದಾರೆ, ಏನು ಕೇಳಿದ್ರೂ ಗೊತ್ತಿಲ್ಲ ಅಂತಾರೆ. ಅವರಿಗೆ ಯಾರೂ ಸಂಬಳ ಕೊಡಲ್ಲ."

ಅವನು ಕಾಗದದ ಮೇಲೆ ಒಂದು ಚೌಕ ಹಾಕಿ ಒಳಗೆ 'ಬಟ್ಟೆ' ಎಂದು ಬರೆದ. ಅದರ ಕೆಳಗೆ ಗಂಡಸರದು, ಹೆಂಗಸರದು, ಮಕ್ಕಳದು ಎಂದು ಮೂರು ಕವಲು ಎಳೆದ. ಅಷ್ಟರಲ್ಲಿ ಒಬ್ಬ ಹೆಂಗಸು ಕಿಟಕಿ ಪರದೆಗಳ ಗಂಟು ತಂದು ಕೌಂಟರಿನ ಮೇಲೆ ಕೆಡವಿ, ಅವನ ಹೆಗಲ ಮೇಲಿಂದ ಕಾಗದವನ್ನು ಇಣುಕಿ ನೋಡಿದಳು.

"ಪರದೆ ಗಂಡಸರದೋ ಹೆಂಗಸರದೋ?" ಎಂದು ಕೇಳಿದಳು.

ಅಂದಾಜಪ್ಪ ಯೋಚನೆಗೆ ಬಿದ್ದ. ಹಿಂದೆ ಸಾಲಿನಲ್ಲಿದ್ದ ರಿಟೈರ್ಡ್ ಮೇಷ್ಟರು, "ಮನೇಲಿ ಯಾರು ತೆಗೀತಾರೋ ಅವರದ್ದು ಅಂತ ಹಾಕ್ಕೊಳ್ಳಿ," ಎಂದರು. ಆ ಹೆಂಗಸು, "ನಮ್ಮನೇಲಿ ಯಾರೂ ತೆಗೆಯಲ್ಲ, ಅದಕ್ಕೇ ಈ ಗತಿಗೆ ಬಂದಿರೋದು," ಎಂದಳು. ಬೊಂಬೆಗೆ ಹಾಕಿದ ಅಂಗಿ ಮಕ್ಕಳದ್ದೋ ಅಲ್ಲವೋ, ಒಂಟಿ ಕಾಲುಚೀಲ ಒಂದು ಬಟ್ಟೆಯೋ ಅರ್ಧ ಬಟ್ಟೆಯೋ ಎಂಬ ಚರ್ಚೆಯೂ ಎದ್ದಿತು. ಸಾಲು ಬಾಗಿಲು ದಾಟಿ ಬೀದಿಗೆ ಹೋಯಿತು. ಅಕ್ಕ, "ಸರ್, ನೀವು ಒಳಗೆ ಹೋಗಿ ಇಸ್ತ್ರಿ ಮಾವನ್ನ ಕೇಳಿ," ಎಂದು ಅವನನ್ನು ಸ್ಟೂಲಿನ ಸಮೇತ ಎಬ್ಬಿಸಿದಳು.

ಒಳಗೆ ಅವನ ಕೋಟು ಚೆನ್ನಾಗಿ ನಡೆದುಕೊಂಡಿತು. ಕಲೆಗೆ ಏನೋ ಹಚ್ಚಿದರು, ಟೂತ್‌ಪೇಸ್ಟಿನ ಬಗ್ಗೆ ಒಂದೆರಡು ಮಾತು ಬೈದರು, ಮೆಷಿನ್ನಿಗೆ ಹಾಕಿದರು, ಒಣಗಿಸಿದರು. ಇಸ್ತ್ರಿ ಮಾವ ಅದನ್ನು ಒತ್ತಿ ಹ್ಯಾಂಗರಿಗೆ ಹಾಕಿದಾಗ ಅದು ಹೆಂಡತಿಯ ಅಪ್ಪ ಹೊಲಿಸಿಕೊಟ್ಟ ದಿನಕ್ಕಿಂತ ಹೊಸದಾಗಿ ಕಂಡಿತು. ಅಂದಾಜಪ್ಪನಿಗೆ ಹೆಂಡತಿಗೆ ಇದನ್ನು ಈಗಲೇ ತೋರಿಸಬೇಕೆನಿಸಿತು.

ಕೋಟಿನ ಕಾಲರಿನ ಹಿಂದೆ ಒಂದು ಪಿನ್ನು, ಪಿನ್ನಿಗೆ ಸಿಕ್ಕಿಸಿದ ನಂಬರಿನ ಚೀಟಿ ಇತ್ತು. ಅಂಗಡಿಯ ಪ್ರತಿಯೊಂದು ಬಟ್ಟೆಗೂ ಹಾಗೇ ಇತ್ತು. ಇದು ಮುಖ್ಯ ವಿಷಯ, ಇದರ ಚಿತ್ರ ಸರಿಯಾಗಿ ಬರೆಯಬೇಕು ಎಂದುಕೊಂಡು ಅವನು ಚೀಟಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡಿದ, ಬರೆದುಕೊಂಡ, ಅಂಗಿ ಜೇಬಿಗೆ ಹಾಕಿಕೊಂಡ. ಪಿನ್ನು ಕಾಲರಿನಲ್ಲೇ ಉಳಿಯಿತು. ಆಮೇಲೆ ಹೊಟ್ಟೆ ಹಸಿದು ಬೀದಿಯ ಆಚೆಗಿದ್ದ ಕ್ಯಾಂಟೀನಿಗೆ ಊಟಕ್ಕೆ ಹೋದ.

ಬಂದು ನೋಡಿದರೆ ಹ್ಯಾಂಗರು ಇತ್ತು, ಕೋಟು ಇರಲಿಲ್ಲ.

"ಮಾವ, ನನ್ನ ಕೋಟು ಎಲ್ಲಿ?"

ಇಸ್ತ್ರಿ ಮಾವ ಒಮ್ಮೆ ಕೆಮ್ಮಿದ. "ಯಾವ ಕೋಟು?"

"ಬೂದು ಕೋಟು. ಇಲ್ಲೇ ನೇತುಹಾಕಿದ್ದಿರಿ."

"ಅದು ನಿಮ್ದಾ?" ಇಸ್ತ್ರಿ ಮಾವನ ಕೈ ಗಾಳಿಯಲ್ಲೇ ನಿಂತಿತು. "ಪಿನ್ನಲ್ಲಿ ಚೀಟಿ ಇರ್ಲಿಲ್ವಲ್ಲ."

"ಚೀಟಿ ನನ್ನ ಜೇಬಲ್ಲಿದೆ."

"ಅಯ್ಯೋ ಸಾರ್, ಅದ್ಯಾಕೆ ಬಿಚ್ಚೋಕೆ ಹೋದ್ರಿ?" ಅವನು ಕೌಂಟರಿನ ಕಡೆ ನೋಡಿದ. ಅಕ್ಕ ಎದ್ದು ಬಂದಳು. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡರು. ಅಂದಾಜಪ್ಪ ಬಿಡಲಿಲ್ಲ. ಕೊನೆಗೆ ಇಸ್ತ್ರಿ ಮಾವ ಸ್ವರ ತಗ್ಗಿಸಿ ಹೇಳಿದ: "ಕೋಟು ಹೊರಗೆ ಹೋಗಿದೆ."

"ಕೋಟು ಹೊರಗೆ ಹೋಗಿದೆ ಅಂದ್ರೆ ಏನು ಮಾವ? ಅದಕ್ಕೇನು ಕಾಲಿದೆಯಾ?"

"ಒಂದು ಸಂಜೆ ಮಟ್ಟಿಗೆ. ನೋಡಿ ಸಾರ್, ನಾಳೆ ತಗೊಂಡು ಹೋಗೋ ಬಟ್ಟೆ ಇವತ್ತು ಸುಮ್ನೆ ನೇತಾಡ್ತಿರುತ್ತೆ. ಇವತ್ತು ಯಾರಿಗೋ ಒಂದು ಕೋಟು ಬೇಕಾಗಿರುತ್ತೆ. ಚೀಟಿ ತೆಗೆದು ಬರೀ ಪಿನ್ನು ಬಿಟ್ರೆ ಅದು ಹೊರಗೆ ಹೋಗೋ ಬಟ್ಟೆ ಅಂತ ನಮ್ಮಲ್ಲಿ ಗುರುತು. ಹೋಗಿ ಬರುತ್ತೆ, ಇನ್ನೊಂದ್ಸಲ ಒತ್ತಿ ಕೊಡ್ತೀವಿ. ಯಾರಿಗೇನು ನಷ್ಟ?"

ಅಂದಾಜಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತು ಕೋಟಿನ ಒಡೆಯನಾಗಿ ಹೊಟ್ಟೆಯುರಿಸಿಕೊಂಡ. ಆಮೇಲೆ ನಿಧಾನಕ್ಕೆ ಅವನೊಳಗೆ ಅನಾಲಿಸಿಸ್ಸಿಗೆ ಬಂದಿದ್ದ ಇನ್ನೊಬ್ಬ ಎದ್ದು ಕೂತ.

"ಮಾವ, ಇದು ನಿಮ್ಮ ಅಂಗಡೀಲಿ ಮಾತ್ರಾನಾ, ಎಲ್ಲಾ ಕಡೇನೂ ಇದೆಯಾ?"

"ನಾನು ಕೆಲಸ ಮಾಡಿರೋ ಲಾಂಡ್ರಿ ಒಂದರಲ್ಲೂ ಇಲ್ದೇ ಇಲ್ಲ."

ಎಲ್ಲಾ ಅಂಗಡಿಯಲ್ಲೂ ಇರುವುದು. ಯಾರೂ ಹೇಳದಿರುವುದು. ಅಂದಾಜಪ್ಪನ ಮೈ ಜುಮ್ಮೆಂದಿತು. ಜೀವನದಲ್ಲಿ ಮೊದಲ ಸಲ ಅಂದಾಜು ಮಾಡದೆ ಒಂದು ವಿಷಯ ಕಂಡುಹಿಡಿದಿದ್ದ. ಕೊಡುವುದು, ತೊಳೆಯುವುದು, ವಾಪಸ್ ಕೊಡುವುದು ಎಂದು ಹೇಳಿದ ಆ ಇನ್ನೊಂದು ಕಂಪನಿಯವರಿಗೆ ನಡುವಿನ ಈ ಹೆಜ್ಜೆ ಕನಸಿನಲ್ಲೂ ಬಂದಿರಲಾರದು. ಕಂಪ್ಲೇಂಟ್ ಕೋಣೆಯ ಬಾಗಿಲು ತನ್ನ ಪಾಲಿಗೆ ಮುಚ್ಚಿಹೋಯಿತೆಂದು ಅವನಿಗೆ ಖಾತ್ರಿಯಾಯಿತು.

"ನನ್ನ ಕೋಟು ಯಾರಿಗೆ ಕೊಟ್ರಿ?"

"ಯಾರೋ ಒಬ್ರು, ನಮ್ಮ ಗಿರಾಕೀನೇ. ತೊಳೆಯೋಕೆ ಕೊಟ್ಟಿದ್ದ ಅವರ ಕೋಟು ಇನ್ನೂ ರೆಡಿಯಾಗಿರ್ಲಿಲ್ಲ. ಅಂದ್ರೆ, ಅದು ಹೊರಗೆ ಹೋಗಿತ್ತು, ಬಂದಿರ್ಲಿಲ್ಲ. ಸಂಜೆಗೆ ಕೋಟು ಬೇಕೇ ಬೇಕು ಅಂತ ಹಾರಾಡಿದ್ರು. ನಿಮ್ದು ಕೈಗೆ ಸಿಕ್ತು, ಕೊಟ್ಟು ಕಳಿಸ್ದೆ. ನಾಳೆ ಬೆಳಿಗ್ಗೆ ಬಂದುಬಿಡುತ್ತೆ ಬಿಡಿ."

"ನನಗೂ ಸಂಜೆಗೇ ಬೇಕು."

"ಅಷ್ಟೇ ತಾನೆ?" ಇಸ್ತ್ರಿ ಮಾವ ಒಳಗಿನಿಂದ ಒಂದು ನೀಲಿ ಕೋಟು ತಂದು ಕೊಡವಿದ. "ಇದು ಈಗ ತಾನೆ ಹೊರಗಿನಿಂದ ಬಂತು. ಇದರ ಯಜಮಾನ್ರು ನಾಳೆವರೆಗೂ ಈ ಕಡೆ ತಲೆ ಹಾಕಲ್ಲ."

ಅಂದಾಜಪ್ಪ ಬೇಡ ಎಂದ. ಬೇರೆಯವರ ಬಟ್ಟೆ ಎಂದ. ತಾನು ಅಂಥವನಲ್ಲ ಎಂದ. ಅಷ್ಟು ಹೇಳುವುದರೊಳಗೆ ಅವನ ಎರಡೂ ಕೈ ತೋಳಿನೊಳಗೆ ಹೋಗಿದ್ದವು. ಕೋಟು ಹೊಟ್ಟೆಯ ಹತ್ತಿರ ಸಡಿಲವಾಗಿತ್ತು, ಇನ್ನೊಬ್ಬ ಸಣ್ಣ ಮನುಷ್ಯ ಒಳಗೆ ಕೂರಬಹುದಿತ್ತು. ಆದರೆ ಕಲೆ ಇರಲಿಲ್ಲ.

ಸಂಜೆ ಆಫೀಸಿನ ಮೀಟಿಂಗ್ ಕೋಣೆಯಲ್ಲಿ ಯಜಮಾನಮ್ಮ ಮೊದಲೇ ಬಂದು ಕೂತಿದ್ದರು. ಬಿಳಿ ಕೂದಲು, ದಪ್ಪ ಕನ್ನಡಕ, ತುಟಿಯ ಮೂಲೆಯಲ್ಲಿ ಒಂದು ಅನುಮಾನ. ಅಂದಾಜಪ್ಪ ಕಾಗದವನ್ನು ಬೋರ್ಡಿಗೆ ಅಂಟಿಸಿ ತಿರುಗುವ ಹೊತ್ತಿಗೆ ಬಾಗಿಲು ತೆರೆದು ಮ್ಯಾನೇಜರು ಒಳಗೆ ಬಂದರು.

ಅವರ ಮೈಮೇಲೆ ಬೂದು ಕೋಟಿತ್ತು. ಹೆಂಡತಿಯ ಅಪ್ಪ ಹೊಲಿಸಿಕೊಟ್ಟ ಕೋಟು. ಎರಡು ಬಟನ್ನು ಹಾಕಿದ್ದರು. ಆ ಎರಡೂ ಬಟನ್ನು ಜೀವ ಹಿಡಿದುಕೊಂಡು ನಿಂತಿದ್ದವು.

ಮ್ಯಾನೇಜರು ಅಂದಾಜಪ್ಪನ ಮೈಮೇಲಿದ್ದ ನೀಲಿ ಕೋಟು ನೋಡಿದರು. ಅದರ ತೋಳಿನ ಅಂಚು ನೋಡಿದರು, ಜೇಬು ನೋಡಿದರು, ಆಮೇಲೆ ಅದರೊಳಗಿದ್ದವನ ಮುಖ ನೋಡಿದರು. ಒಂದು ಮಾತೂ ಬೇಕಾಗಲಿಲ್ಲ. ಅವನ ಕೋಟು ಅವರ ಮೈಮೇಲೆ, ಅವರ ಕೋಟು ಅವನ ಮೈಮೇಲೆ.

"ಶುರು ಮಾಡಿ," ಎಂದರು ಯಜಮಾನಮ್ಮ.

ಅಂದಾಜಪ್ಪ ಶುರುಮಾಡಿದ. ಬಟ್ಟೆ ಎಂದ, ಗಿರಾಕಿ ಎಂದ, ಪರದೆಗಳನ್ನು ಬೇರೆಯಾಗಿ ಇಡಬೇಕಾದ ಕಾರಣ ವಿವರಿಸಿದ. ಪಿನ್ನು, ಚೀಟಿ, ನಂಬರು ಎಂದ. ಯಜಮಾನಮ್ಮ ತಲೆಯಾಡಿಸುತ್ತ ಕೇಳುತ್ತಿದ್ದರು. ಇಸ್ತ್ರಿಯಾದ ಮೇಲೆ ಏನಾಗುತ್ತದೆ ಎಂಬ ಜಾಗಕ್ಕೆ ಬಂದಾಗ ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರು.

"ಇಸ್ತ್ರಿ ಆದ್ಮೇಲೆ, ಮೇಡಂ, ಒಂದು ವಿಷಯ ಇದೆ," ಎಂದ ಅಂದಾಜಪ್ಪ. "ಇದು ಇಲ್ಲೀವರೆಗೆ ಯಾರೂ ನಿಮಗೆ ಹೇಳಿರ್ಲಿಕ್ಕಿಲ್ಲ."

ಆಗ ಮ್ಯಾನೇಜರು ಟೀ ಕಪ್ಪನ್ನು ಬಾಯಿಗೆ ತರುತ್ತಿದ್ದರು. ಅವರ ಕಣ್ಣು ದೊಡ್ಡದಾಯಿತು, ಮುಖ ಕೆಂಪಾಯಿತು. ಕೈ ಅಲುಗಿ ಟೀ ತುಳುಕಿತು. ಮೇಲಿನ ಬಟನ್ನು ಟಪ್ಪೆಂದು ಕಿತ್ತುಬಂದು ಮೇಜಿನ ಮೇಲೆ ಉರುಳುತ್ತ ಹೋಗಿ ಯಜಮಾನಮ್ಮನ ಕೈ ಹತ್ತಿರ ಮಲಗಿತು. ಮ್ಯಾನೇಜರ ಕಣ್ಣು ಮಾತ್ರ ಅಂದಾಜಪ್ಪನನ್ನು ಬಿಡಲಿಲ್ಲ.

ಅಂದಾಜಪ್ಪನಿಗೆ ಆ ಕಣ್ಣು ಹೇಳುತ್ತಿದ್ದದ್ದು ಸ್ಪಷ್ಟವಾಗಿ ಅರ್ಥವಾಯಿತು. ಬಾಯಿ ಬಿಟ್ಟೆಯೋ, ಸತ್ತೆ. ಹೇಳಿದರೆ ಮ್ಯಾನೇಜರ ಮಾನ ಹೋಗುತ್ತದೆ, ಅದರ ಹಿಂದೆಯೇ ತನ್ನ ಕೆಲಸ ಹೋಗುತ್ತದೆ. ಇಸ್ತ್ರಿ ಮಾವನ ಕೆಲಸವೂ ಉಳಿಯುವುದಿಲ್ಲ. ಹೇಳದಿದ್ದರೆ ಮ್ಯಾನೇಜರು ಈ ಉಪಕಾರ ಮರೆಯಲಾರರು. ಅವನು ತನ್ನ ಜೀವಮಾನದ ಏಕೈಕ ಸಂಶೋಧನೆಯನ್ನು ಕಷ್ಟಪಟ್ಟು ನುಂಗಿಕೊಂಡ.

"ಇಸ್ತ್ರಿ ಆದ್ಮೇಲೆ ಹ್ಯಾಂಗರಿಗೆ ಹಾಕ್ತಾರೆ, ಮೇಡಂ. ಗಿರಾಕಿ ಬಂದಾಗ ವಾಪಸ್ ಕೊಡ್ತಾರೆ."

"ಅಷ್ಟೇನಾ?"

"ಅಷ್ಟೇ ಮೇಡಂ."

ಯಜಮಾನಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀವು ಬೋರ್ಡಿನ ಕಡೆ ತಿರುಗಿದಾಗ್ಲೇ ನೋಡ್ದೆ. ಕಾಲರ್ ಹಿಂದೆ ಪಿನ್ನಿದೆ, ಚೀಟಿ ಇಲ್ಲ. ನಿಮ್ಮ ಮ್ಯಾನೇಜರು ಬಾಗಿಲು ಹಾಕೋಕೆ ತಿರುಗಿದಾಗ ನೋಡ್ದೆ. ಅಲ್ಲೂ ಬರೀ ಪಿನ್ನು. ಎರಡೂ ನಮ್ಮ ಅಂಗಡಿಯಿಂದ ಹೊರಗೆ ಬಂದಿರೋ ಕೋಟು. ನಾನು ಇಸ್ತ್ರಿ ಮಾಡ್ಕೊಂಡೇ ಈ ವ್ಯಾಪಾರಕ್ಕೆ ಬಂದವಳು. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

ಮ್ಯಾನೇಜರು ಎದ್ದು ನಿಂತರು. "ಮೇಡಂ, ಇವರು ಹಾಕ್ಕೊಂಡಿರೋದು ನನ್ನ ಸ್ವಂತ ಕೋಟು."

"ಸರ್ ಹಾಕ್ಕೊಂಡಿರೋದು ನಂದು, ಮೇಡಂ," ಎಂದ ಅಂದಾಜಪ್ಪ.

"ನೋಡಿದ್ರಾ, ಇದೇ ನನ್ನ ತೊಂದರೆ," ಎಂದರು ಯಜಮಾನಮ್ಮ. "ಯಾರ ಬಟ್ಟೆ ಯಾರ ಮೈಮೇಲಿದೆ ಅಂತ ನಮಗೇ ಗೊತ್ತಾಗ್ತಿಲ್ಲ. ತೊಳೆಯೋದಕ್ಕೆ ಸಾಫ್ಟ್‌ವೇರ್ ಯಾಕೆ ಬೇಕು? ಅದು ಹೇಗೋ ನಡೆದುಹೋಗುತ್ತೆ. ಹೊರಗೆ ಹೋದದ್ದನ್ನ ನೋಡ್ಕೊಳ್ಳೋದಕ್ಕೇ ನಾನು ಸಾಫ್ಟ್‌ವೇರ್ ಕೇಳಿದ್ದು. ಆದ್ರೆ ಅದನ್ನ ನಾನಾಗಿ ಬಾಯಿ ಬಿಟ್ಟು ಹೇಳೋಕಾಗುತ್ತಾ? ಯಾರಾದ್ರೂ ಬುದ್ಧಿವಂತರು ಒಂದಿನ ಕೂತು ಕಂಡುಹಿಡೀಲಿ, ಅಂಥವರಿಗೇ ಕೆಲಸ ಕೊಡೋಣ ಅಂತಿದ್ದೆ."

"ಮೇಡಂ, ಇವರಿಗೆ ಗೊತ್ತು. ಈಗ ಹೇಳ್ತಾರೆ," ಎಂದರು ಮ್ಯಾನೇಜರು.

"ಮೈಮೇಲೆ ಹಾಕ್ಕೊಂಡು ಬಂದಿರೋದನ್ನೇ ಹೇಳದವರು ಇನ್ನೇನು ಹೇಳ್ತಾರೆ." ಯಜಮಾನಮ್ಮ ಬಟನ್ನನ್ನು ಎತ್ತಿ ಮ್ಯಾನೇಜರ ಕಪ್ಪಿನ ಪಕ್ಕದಲ್ಲಿಟ್ಟು, ತಮ್ಮ ಟೀ ಮುಟ್ಟದೆ ಹೊರಟುಹೋದರು.

ಬಾಗಿಲು ಮುಚ್ಚಿಕೊಂಡ ಮೇಲೆ ಇಬ್ಬರೂ ಕೋಟು ಬಿಚ್ಚಿ ಅದಲುಬದಲು ಮಾಡಿಕೊಂಡರು.

"ಗೊತ್ತಿತ್ತಲ್ಲ, ಯಾಕ್ರೀ ಹೇಳ್ಲಿಲ್ಲ?" ಎಂದರು ಮ್ಯಾನೇಜರು.

"ನೀವೇ ಕಣ್ಣು ಬಿಟ್ಟು ಬೇಡ ಅಂದ್ರಲ್ಲ ಸರ್."

"ನಾನೆಲ್ಲಿ ಬೇಡ ಅಂದೆ? ನಿಮ್ಮ ಈ ದರಿದ್ರ ಕೋಟು ಬಿಗಿಯಾಗಿ ನನಗೆ ಉಸಿರು ಕಟ್ಟಿತ್ತು. ಸಾಯ್ತಿದ್ದೆ ನಾನು. ನೀವು ಅದನ್ನೂ ಅಂದಾಜು ಮಾಡಿದ್ರಾ?"

ಅಂದಾಜಪ್ಪ ಬೋರ್ಡಿನಿಂದ ಕಾಗದ ಬಿಡಿಸಿ ಮಡಚಿಕೊಂಡ.

"ನಾಳೆಯಿಂದ ಕಂಪ್ಲೇಂಟ್ ಕೋಣೆ. ಬೆಳಿಗ್ಗೆ ಬೇಗ ಬನ್ನಿ, ಪಶು ಆಸ್ಪತ್ರೆಯವರು ಬೇಗ ಫೋನ್ ಮಾಡ್ತಾರೆ."

ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನು ಏನೂ ಹೇಳುವ ಮೊದಲೇ ಕೈಯಿಂದ ಕೋಟು ತೆಗೆದುಕೊಂಡು ದೀಪದ ಕೆಳಗೆ ಬಿಡಿಸಿದಳು. ಬಟನ್ನೊಂದು ಇರಲಿಲ್ಲ. ಎದೆಯ ಎಡಭಾಗದಲ್ಲಿ, ಬೆಳಿಗ್ಗೆ ಇದ್ದ ಜಾಗದಲ್ಲೇ, ಟೀ ಕಲೆ ಹಸಿಹಸಿಯಾಗಿ ಕೂತಿತ್ತು.

"ಬೆಳಿಗ್ಗೆಯಿಂದ ಲಾಂಡ್ರೀಲೇ ಕೂತಿದ್ರಿ ಅಲ್ವಾ?" ಎಂದಳು. ಈಗಲೂ ಕೂಗಲಿಲ್ಲ. ಟೇಬಲ್ಲಿನ ಮೇಲಿದ್ದ ಫೋನು ತೆಗೆದು, ತನ್ನ ಅಪ್ಪನ ನಂಬರು ಒತ್ತಿ ಅವನ ಕೈಗೆ ಕೊಟ್ಟಳು.

ಆ ಕಡೆ ಫೋನು ರಿಂಗಾಗುತ್ತಿತ್ತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೇಲಿನ ಮನೆಯ ಆಂಟಿ ಟೂತ್‌ಪೇಸ್ಟ್ ಹಿಡಿದು ಒಳಗೆ ಬಂದು, ಕೋಟು ನೋಡಿ, "ನಾನು ಬೆಳಿಗ್ಗೇನೇ ಹೇಳಿದ್ನಲ್ಲಪ್ಪ, ಇನ್ನೂ ಸ್ವಲ್ಪ ಜೋರಾಗಿ ಉಜ್ಜಬೇಕಿತ್ತು," ಎಂದರು.

ಆ ಕಡೆಯಿಂದ ಮಾವನ ದನಿ ಕೇಳಿಸಿತು. ಅಂದಾಜಪ್ಪ ಗಂಟಲು ಸರಿಮಾಡಿಕೊಂಡು, "ಕ್ಷಮಿಸಿ," ಎಂದು ಶುರುಮಾಡಿದ.